ಒಂದು ಮಗ್ಗುಲು ಖಾಲಿ ಇದ್ದ ಹಾಳೆಗಳು

ಜೂನ್ 3

ಮಾವನಿಗೆ,

ಫೋನು ಮಾಡಿದರೆ ನಿಮಗೆ ಅರ್ಧ ಕೇಳಿಸುತ್ತದೆ, ಉಳಿದರ್ಧವನ್ನು ನೀವೇ ಊಹಿಸಿಕೊಂಡು ಉತ್ತರ ಕೊಡುತ್ತೀರಿ. ಅದಕ್ಕಿಂತ ಕಾಗದವೇ ವಾಸಿ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನೀವು ಬಿಟ್ಟುಹೋದ ಕುರ್ಚಿಯಲ್ಲಿ ಕೂತು ಎರಡು ವರ್ಷವಾದರೂ ಬಾಗಿಲಿಗೆ ಬಂದವರು ನನ್ನ ತಲೆಯ ಮೇಲಿಂದ ಹಣಕಿ "ಅವರಿಲ್ವಾ?" ಎಂದು ಕೇಳುವುದು ನಿಂತಿಲ್ಲ. ಕೆಳಗಿನ ಬೇಕರಿಯವರು ಒಲೆ ಹಚ್ಚಿದ ಕೂಡಲೇ ನಮ್ಮ ನೆಲ ಬೆಚ್ಚಗಾಗುತ್ತದೆ. ಚಪ್ಪಲಿ ಬಿಟ್ಟು ಕೂತು ಕೆಲಸ ಮಾಡುತ್ತೇನೆ, ಸುಖವಾಗಿದ್ದೇನೆ.

ಒಂದು ಹೊಸ ಸಮಾಚಾರ. ಲೆಕ್ಕ ಬರೆದುಕೊಡುವ ನಮ್ಮಂಥ ಸಣ್ಣ ಆಫೀಸುಗಳಿಗೂ ಮಾಹಿತಿ ರಕ್ಷಣೆಯ ಕಾಯ್ದೆ ಬಂದಿದೆ. ಇಡೀ ದಿನ ತರಬೇತಿಗೆ ಕೂರಿಸಿದ್ದರು. ಹೇಳಿದ್ದು ಇಷ್ಟು: ಗಿರಾಕಿಯ ಮಾಹಿತಿ ಗಿರಾಕಿಯದು, ನಮ್ಮದಲ್ಲ. ಕೆಲಸಕ್ಕೆ ಬೇಕಾದಷ್ಟನ್ನೇ ಇಟ್ಟುಕೊಳ್ಳಬೇಕು, ಭದ್ರವಾಗಿಡಬೇಕು, ಅವಧಿ ಮುಗಿದ ಮೇಲೆ ಚೂರು ಚೂರು ಮಾಡಬೇಕು. ಒಂದು ಹಾಳೆ ಹೊರಗೆ ಹೋಗಿದೆ ಎಂದು ಗೊತ್ತಾದರೆ ಮೂರು ದಿನದೊಳಗೆ ಆ ಗಿರಾಕಿಗೆ ಬರಹದಲ್ಲಿ ತಿಳಿಸಬೇಕು. ಪಾಠ ಹೇಳಿದ ಹೆಂಗಸು ಬಹಳ ಮೆತ್ತಗೆ ಮಾತಾಡುತ್ತಿದ್ದರು, ದಂಡದ ವಿಷಯ ಬಂದಾಗ ಮಾತ್ರ ಕನ್ನಡಕ ತೆಗೆದು ನಮ್ಮನ್ನೆಲ್ಲ ನೋಡಿದರು.

ಹಾಗಾಗಿ ಬೀರುವಿನಲ್ಲಿ ಏನೇನಿದೆ ಎಂದು ಪಟ್ಟಿ ಮಾಡುತ್ತಿದ್ದೇನೆ. ನಿಮ್ಮ ಕೈಬರಹದ ರಿಜಿಸ್ಟರಿನಲ್ಲಿ "ರದ್ದಿ, ಒಂದು ಮಗ್ಗುಲು ಖಾಲಿ, ಐದು ಕಟ್ಟು" ಎಂದಿದೆ. ಬೀರು ಪೂರ್ತಿ ತಡಕಿದರೂ ಒಂದು ಕಟ್ಟೂ ಸಿಗಲಿಲ್ಲ. ಸುಟ್ಟುಬಿಟ್ಟಿರಿ ಎಂದುಕೊಂಡಿದ್ದೇನೆ. ಯಾವ ವರ್ಷ ಎಂದು ಒಂದು ಸಾಲು ಬರೆದರೆ ಪಟ್ಟಿಯಲ್ಲಿ ತುಂಬಿಕೊಳ್ಳುತ್ತೇನೆ.

ಅತ್ತೆಗೆ ಆ ಊರು ಈಗಲಾದರೂ ಹಿಡಿಸಿತೇ?

ಪುಟ್ಟಿ
(ನಲವತ್ತೆರಡು ತುಂಬಿತು. ನಿಮಗೆ ಮಾತ್ರ ಇದೇ ಸಹಿ.)


ಜೂನ್ 10

ಪುಟ್ಟಿಗೆ,

ನಿನ್ನ ಕಾಗದ ಓದಿ ಒಬ್ಬನೇ ನಕ್ಕೆ. ನಿನ್ನ ಅತ್ತೆ "ಏನಂತೆ?" ಎಂದಳು. "ಬಾಯಿ ಮುಚ್ಚಿಕೊಂಡಿರೋದು ಹೇಗೆ ಅಂತ ಪುಟ್ಟಿಗೆ ಸರ್ಕಾರದವರು ಪಾಠ ಮಾಡಿದ್ರಂತೆ" ಎಂದೆ.

ನಲವತ್ತು ವರ್ಷ ಆ ಊರಿನ ಅರ್ಧ ಜನರ ಒಳಗುಟ್ಟು ನನ್ನ ಮೇಜಿನ ಮೇಲೆ ಬಿದ್ದಿತ್ತು. ಯಾರಿಗೆ ಯಾವ ಕಾಯಿಲೆ, ಯಾರ ಮನೆ ಎರಡಾಗಲಿದೆ, ಯಾರು ವಯಸ್ಸು ಮುಚ್ಚಿಡುತ್ತಾರೆ, ಎಲ್ಲ ಗೊತ್ತು. ಒಂದು ಮಾತು ಹೊರಗೆ ಹೋದದ್ದುಂಟೇ? ಬೀದಿಯ ಕ್ಷೌರಿಕ ನನಗೆ "ಹೊಲಿಗೆ ಬಾಯಿ" ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ಅವನ ಕತ್ತರಿಗೆ ನನ್ನ ಕೂದಲು ಸಿಕ್ಕಿತೇ ಹೊರತು ಒಂದು ಸುದ್ದಿ ಸಿಗಲಿಲ್ಲ ಎಂದು ಅವನಿಗೆ ಕೊನೆಯವರೆಗೂ ಹೊಟ್ಟೆಯುರಿ.

ಇನ್ನು ಆ ಐದು ಕಟ್ಟು. ಒಳ್ಳೆ ದಪ್ಪ ಕಾಗದ ಸುಡುವುದಕ್ಕೆ ನನಗೇನು ತಲೆ ಕೆಟ್ಟಿದೆಯೇ? ಗಾಡಿಗೆ ಸಾಮಾನು ಏರಿಸುವಾಗ ನಾನೇ ತಂದೆ. ಈಗ ನೀನು ಓದುತ್ತಿರುವುದು ಅದರದ್ದೇ ಒಂದು ಹಾಳೆ. ಬರೆದ ಮಗ್ಗುಲಿಗೆ ಅಡ್ಡಗೆರೆ ಎಳೆದಿದ್ದೇನೆ. ಅಡ್ಡಗೆರೆ ಬಿದ್ದ ಮಗ್ಗುಲನ್ನು ಯಾರೂ ಓದಕೂಡದು ಎನ್ನುವುದು ನಮ್ಮ ಆಫೀಸಿನ ಮೊದಲ ದಿನದ ನಿಯಮ. ಫ್ರಾಕು ಹಾಕಿಕೊಂಡು ಶಾಲೆಯಿಂದ ನೇರ ಬಂದು ಅದೇ ಹಾಳೆಗಳ ಮೇಲೆ ಗುಣಾಕಾರ ಮಾಡುತ್ತಿದ್ದೆಯಲ್ಲ, ಒಂದು ದಿನವಾದರೂ ಆ ಕಡೆ ತಿರುಗಿಸಿದ್ದೆಯಾ?

ಅತ್ತೆಗೆ ಊರು ಹಿಡಿಸಿದೆ, ನೆರೆಯವರು ಹಿಡಿಸಿಲ್ಲ. ಮಗಳು, ಅಳಿಯ, ಮೊಮ್ಮಗಳು ಕ್ಷೇಮ.

ಮಾವ


ಜೂನ್ 14

ಮಾವನಿಗೆ,

ಇವತ್ತು ತಿರುಗಿಸಿದೆ.

ಮೂವತ್ತು ವರ್ಷದ ಅಭ್ಯಾಸ ಮೀರಿ ಹಾಳೆ ಮಗುಚುವಾಗ ನಿಮ್ಮ ಕೈ ಎಲ್ಲಿಂದಲೋ ಬಂದು ತಲೆಗೆ ಮೊಟಕುತ್ತದೆ ಎನ್ನಿಸಿತು. ಆ ಕಡೆ ಇದ್ದದ್ದು ನಮ್ಮ ಬಡಗಿಯ ವಿಮೆ ಅರ್ಜಿಯ ಕರಡು. ಅವರ ಎಡಗಿವಿ ಕೇಳಿಸುವುದಿಲ್ಲ, ಎರಡು ಸಲ ಎದೆನೋವು ಬಂದಿತ್ತು, ಹೆಂಡತಿಗೆ ಹೇಳಿರುವುದಕ್ಕಿಂತ ಏಳು ವರ್ಷ ದೊಡ್ಡವರು. ಓದಬಾರದಿತ್ತು. ನಿಮ್ಮ ಅಡ್ಡಗೆರೆ ಅದರ ಮೇಲೆ ನೀಟಾಗಿಯೇ ಇದೆ, ಆದರೆ ಅದರ ಕೆಳಗಿನ ಒಂದಕ್ಷರವನ್ನೂ ಅದು ಮುಚ್ಚಿಲ್ಲ.

ನೀವು ಬರೆದ ಕಾಗದಗಳನ್ನೆಲ್ಲ ಟ್ರಂಕಿನಿಂದ ತೆಗೆದೆ. ಎಲ್ಲ ಅದೇ ಹಾಳೆಗಳು, ಎರಡು ವರ್ಷ ನನಗೇ ಹೊಳೆದಿರಲಿಲ್ಲ. ಇಪ್ಪತ್ತಾರು ಕಾಗದ, ನಲವತ್ತೊಂದು ಹಾಳೆ, ಹತ್ತೊಂಬತ್ತು ಗಿರಾಕಿಗಳು. ಅತ್ತೆ ಜಾರಿ ಬಿದ್ದ ಸುದ್ದಿಯ ಹಿಂದೆ ಅಚ್ಚುಕೂಟದವರ ಮನೆ ಜಗಳ, ಮೊಮ್ಮಗಳ ಹಲ್ಲು ಬಿದ್ದ ಸುದ್ದಿಯ ಹಿಂದೆ ಯಾರದೋ ಶಸ್ತ್ರಚಿಕಿತ್ಸೆ. ಇಷ್ಟೂ ಎರಡು ವರ್ಷದಿಂದ ಅಂಚೆಯವರ ಚೀಲದಲ್ಲಿ ಎಂಟು ಗಂಟೆ ರೈಲು ಪ್ರಯಾಣ ಮಾಡಿ ಬಂದಿವೆ, ಮಾವ.

ಹತ್ತೊಂಬತ್ತು ಜನಕ್ಕೂ ನಾನು ತಿಳಿಸುತ್ತೇನೆ. ನೀವು ಮಾಡಬೇಕಾದ್ದು ಎರಡು ಕೆಲಸ. ಉಳಿದ ಹಾಳೆಗಳನ್ನು ಇಂದೇ ಪೆಟ್ಟಿಗೆಗೆ ಹಾಕಿ ಬೀಗ ಹಾಕಿ. ನನಗಲ್ಲದೆ ಬೇರೆ ಯಾರಿಗೆ, ಎಲ್ಲಿಗೆ ಹಾಳೆ ಹೋಗಿದೆ ಎಂದು ಬರೆಯಿರಿ, ಚೀಟಿ ಹರಿದುಕೊಟ್ಟಿದ್ದರೂ ಬಿಡಬೇಡಿ.

ಕೋಪ ಮಾಡಿಕೊಳ್ಳಬೇಡಿ. ನೀವು ಯಾರಿಗೂ ಒಂದು ಮಾತು ಹೇಳಿದವರಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಪುಟ್ಟಿ


ಜೂನ್ 19

ಪುಟ್ಟಿಗೆ,

ಇದು ಅಂಗಡಿಯಿಂದ ಕೊಂಡುತಂದ ಹೊಸ ಹಾಳೆ. ಎರಡೂ ಮಗ್ಗುಲು ನೋಡಿಕೋ.

ಉಳಿದವನ್ನು ಪೆಟ್ಟಿಗೆಯಲ್ಲಿಟ್ಟಿದ್ದೇನೆ. ನಿನ್ನನ್ನು ಬಿಟ್ಟರೆ ಬೇರೆ ಕಡೆ ಹೆಚ್ಚೇನೂ ಹೋಗಿಲ್ಲ. ಹತ್ತೊಂಬತ್ತು ಜನರ ಮುಂದೆ ನನ್ನ ಮಾನ ಹರಾಜು ಹಾಕುವುದು ಕಾಯ್ದೆ ಎಂದಾದರೆ ಹಾಕು. ನಾನು ಕಲಿಸಿದ ಹುಡುಗಿ ನನಗೆ ನೋಟೀಸು ಕೊಡುವ ಮಟ್ಟಕ್ಕೆ ಬೆಳೆದಳು ಎಂದು ಸಂತೋಷಪಡುತ್ತೇನೆ.

ಎಲ್ಲರೂ ಕ್ಷೇಮ.

ಮಾವ


ಜುಲೈ 6

ಮಾವನಿಗೆ,

ಎರಡು ವಾರಕ್ಕೆ ಮೇಲಾಯಿತು, ನಿಮ್ಮಿಂದ ಕಾಗದವಿಲ್ಲ. ನೀವು ಸಿಟ್ಟಾದರೆ ಹೇಗಿರುತ್ತೀರಿ ಎಂದು ನನಗೆ ಗೊತ್ತು. ಸೊಸೈಟಿಯ ಲೆಕ್ಕದಲ್ಲಿ ನಾನು ತಪ್ಪು ಮಾಡಿದಾಗ ಮೂರು ದಿನ ಪೆನ್ಸಿಲ್ಲು ಬೇಕಾದರೂ ಕೈಸನ್ನೆಯಲ್ಲೇ ಕೇಳಿದ್ದಿರಿ. ಆದರೆ ಹದಿನೇಳು ದಿನ ಬಹಳವಾಯಿತು.

ನಿಮ್ಮ ಮಾನ ಹರಾಜಾಗಿಲ್ಲ. ಹತ್ತೊಂಬತ್ತು ಮನೆಗೂ ಹೋಗಿ ಬಂದೆ. ಅಚ್ಚುಕೂಟದವರು ಒಂದು ಗಂಟೆ ಬೈದರು. ಬೈಗುಳ ಮುಗಿದ ಮೇಲೆ ಚಹಾ ಕೊಟ್ಟು ಈ ವರ್ಷದ ಫೈಲನ್ನೂ ಕೈಗಿಟ್ಟರು. ಬಡಗಿ ಕೇಳಿದ್ದು ಒಂದೇ: "ನಮ್ಮನೆಯವಳಿಗೂ ನೋಟೀಸು ಕೊಡಬೇಕಾ?" ಬೇಡ ಎಂದೆ. ಅವರು ಎದೆ ಮುಟ್ಟಿಕೊಂಡು ಉಸಿರು ಬಿಟ್ಟರು. ಯಾರೂ ಆಫೀಸು ಬಿಟ್ಟುಹೋಗಿಲ್ಲ.

ನಿಮಗೆ ನೋವು ಮಾಡಿದ್ದಕ್ಕೆ ನನಗೆ ಸಂಕಟವಿದೆ. ಕೆಲಸ ಮಾಡಿದ್ದಕ್ಕೆ ಇಲ್ಲ. ಇವೆರಡನ್ನೂ ಬೇರೆ ಬೇರೆ ಇಡುವುದನ್ನು ಕಲಿಸಿದವರು ನೀವೇ. ಎರಡು ಸಾಲು ಬರೆಯಿರಿ, ಬೈದಾದರೂ ಬರೆಯಿರಿ.

ಪುಟ್ಟಿ


ಜುಲೈ 8

ಪುಟ್ಟಿಗೆ,

ನಾನು ಸಿಟ್ಟಾಗಿದ್ದೇನೆ ಎಂದು ನೀನು ಅಂದುಕೊಂಡಿರುತ್ತೀಯ. ಮೊದಲ ಎರಡು ದಿನ ಸಿಟ್ಟಿತ್ತು, ಸುಳ್ಳೇಕೆ ಹೇಳಲಿ. ಮೂರನೆಯ ದಿನ ಬೆಳಿಗ್ಗೆ ಪೆಟ್ಟಿಗೆ ತೆಗೆದು ಹಾಳೆ ಎಣಿಸಿದೆ. ಐದು ಕಟ್ಟಿನಲ್ಲಿ ಇದ್ದದ್ದು ಮೂರು ಚಿಲ್ಲರೆ. ಕುರ್ಚಿ ಎಳೆದುಕೊಂಡು ಕೂತುಬಿಟ್ಟೆ. "ಹೆಚ್ಚೇನೂ ಹೋಗಿಲ್ಲ" ಎಂದು ನಿನಗೆ ಬರೆದಿದ್ದೆ. ಎಣಿಸದೆ ಬರೆದ ಮಾತು ಅದು, ನನ್ನ ಜೀವಮಾನದಲ್ಲಿ ಹಾಗೆ ಬರೆದವನಲ್ಲ.

ಅಂದಿನಿಂದ ಊರು ಸುತ್ತುತ್ತಿದ್ದೇನೆ. ಉದ್ಯಾನದ ಚದುರಂಗದ ಗೆಳೆಯರ ಹತ್ತಿರ ಆಟದ ನಡೆ ಬರೆದಿಟ್ಟ ಹಾಳೆಗಳಿದ್ದವು. ಗೆದ್ದವನು ಕೊಡಲೊಲ್ಲೆ ಎಂದ. ಮತ್ತೆ ಆಡಿ ಸೋತು ಇಸಿದುಕೊಂಡೆ. ಹಾಲಿನವಳು ಲೆಕ್ಕದ ಚೀಟಿಗಳನ್ನೆಲ್ಲ ಮೊಳೆಗೆ ಚುಚ್ಚಿಟ್ಟಿದ್ದಳು, ಪುಣ್ಯಾತ್ಮಳು. ನಿನ್ನ ಅತ್ತೆ ರವಿಕೆಯ ಅಳತೆಗೆಂದು ಹದಿನಾಲ್ಕು ಹಾಳೆ ಕತ್ತರಿಸಿಟ್ಟುಕೊಂಡಿದ್ದಳು. ತೋಳು, ಬೆನ್ನು, ಕುತ್ತಿಗೆ, ಎಲ್ಲದರ ಹಿಂದೆಯೂ ಒಬ್ಬೊಬ್ಬ ಗಿರಾಕಿ. "ಈಗ ಇದನ್ನೂ ಕೊಡಬೇಕಾ?" ಎಂದು ನನ್ನನ್ನು ದಿಟ್ಟಿಸಿ ನೋಡಿ ಕೊಟ್ಟಳು. ಮೊಮ್ಮಗಳ ಶಾಲೆಯ ಗೋಡೆಯ ಮೇಲೆ ಬಹುಮಾನ ಬಂದ ಹಸುವಿನ ಚಿತ್ರವೊಂದಿತ್ತು. ಮುಖ್ಯೋಪಾಧ್ಯಾಯಿನಿಯ ಮುಂದೆ ಕೈಕಟ್ಟಿ ನಿಂತು ಕಾರಣ ಹೇಳಿ ಬಿಡಿಸಿಕೊಂಡು ಬಂದೆ. ಮೊಮ್ಮಗಳು ನನ್ನೊಡನೆ ಮಾತು ಬಿಟ್ಟಿದ್ದಾಳೆ.

ಎಲ್ಲ ಸೇರಿಸಿ ರಿಜಿಸ್ಟರು ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಒಂದು ಹಾಳೆ ಮಾತ್ರ ಇಲ್ಲ.

ಎರಡು ತಿಂಗಳ ಹಿಂದೆ ರೈಲು ನಿಲ್ದಾಣದ ಹೊರಗೆ ಒಬ್ಬ ಅಪರಿಚಿತ ಗ್ರಂಥಾಲಯಕ್ಕೆ ದಾರಿ ಕೇಳಿದ. ಜೇಬಿನಲ್ಲಿದ್ದ ಹಾಳೆಯ ಮೇಲೆ ನಕ್ಷೆ ಬರೆದುಕೊಟ್ಟೆ. ಅವನು ಮಡಚುವಾಗ ಹಿಂದೆ ನೇರಳೆ ಶಾಯಿ ಕಂಡಿತ್ತು. ಆಗ ಹೊಳೆಯಲಿಲ್ಲ. ನಾನು ನೇರಳೆ ಶಾಯಿಯಲ್ಲಿ ಬರೆದದ್ದು ಒಂದೇ ದಿನ, ಒಬ್ಬರದ್ದೇ ಕಾಗದ. ನಮ್ಮ ನರ್ಸಮ್ಮ ಆಸ್ಪತ್ರೆಯ ಕೆಲಸ ಕಾಯಂ ಆದಾಗ ತುಂಬಿಸಿದ ಅರ್ಜಿಯ ಕರಡು. ಇಪ್ಪತ್ತೆಂಟು ವರ್ಷವಾಯಿತು. ಅದರಲ್ಲಿ ಅವರು ನನಗೊಬ್ಬನಿಗೇ ಹೇಳಿದ ಒಂದು ವಿಷಯವಿದೆ. ಅಂದು ಬಾಗಿಲು ಹಾಕಿಕೊಂಡು ಮಾತಾಡಿದೆವು. ನಿನ್ನ ಅತ್ತೆ ಊಟದ ಡಬ್ಬಿ ತಂದವಳು ಬಾಗಿಲು ತಟ್ಟಿ, ಒಳಗೆ ಅವರು ಅಳುತ್ತಿದ್ದುದನ್ನು ಕೇಳಿ, ಡಬ್ಬಿ ಮೆಟ್ಟಿಲ ಮೇಲಿಟ್ಟು ಹೊರಟುಹೋದಳು. ಏನು ವಿಷಯ ಎಂದು ಕೇಳಿದಳು. ನಾನು ಹೇಳಲಿಲ್ಲ. ಒಂದು ತಿಂಗಳು ಮನೆಯಲ್ಲಿ ಮಾತಿರಲಿಲ್ಲ. ಆಮೇಲೆ ಮಾತು ಬಂತು, ಆದರೆ ಆ ಪ್ರಶ್ನೆಗೆ ನಾನು ಇವತ್ತಿಗೂ ಉತ್ತರ ಕೊಟ್ಟಿಲ್ಲ.

ಹೆಂಡತಿಗೂ ಹೇಳದ್ದನ್ನು ದಾರಿಹೋಕನ ಕೈಗೆ ಕೊಟ್ಟೆ, ಪುಟ್ಟಿ. ನನಗೆ ಊಟ ಸೇರುತ್ತಿಲ್ಲ.

ಒಂದು ಬೇಡಿಕೆ. ಈ ಒಬ್ಬರಿಗೆ ಮಾತ್ರ ತಿಳಿಸಬೇಡ. ಆ ಮನುಷ್ಯ ಗ್ರಂಥಾಲಯ ತಲುಪಿ ಚೀಟಿ ಎಸೆದಿರುತ್ತಾನೆ. ಅವರು ನನ್ನನ್ನು ನಂಬಿದ್ದರು, ಆ ನಂಬಿಕೆ ಹಾಗೇ ಇರಲಿ. ಬೇರೆ ಯಾರಿಗೆ ಬೇಕಾದರೂ ಹೇಳು.

ಮಾವ


ಜುಲೈ 15

ಮಾವನಿಗೆ,

ನಿಮ್ಮ ಕಾಗದವೂ ಹಾಳೆಗಳ ಕಟ್ಟೂ ಹನ್ನೆರಡನೆಯ ತಾರೀಖು ಕೈಸೇರಿದವು, ಆ ಹಾಳೆಗಳ ಗಿರಾಕಿಗಳಿಗೂ ತಿಳಿಸುತ್ತಿದ್ದೇನೆ. ಓದಿದ ಗಳಿಗೆಯಿಂದ ನನಗೆ ಮೂರು ದಿನ. ನಿಮ್ಮನ್ನು ಕೇಳಿ ಉತ್ತರ ತರಿಸಿಕೊಳ್ಳಲು ಎಂಟು ದಿನ ಬೇಕು. ಒಂದು ರಾತ್ರಿ ನಿದ್ದೆಗೆಟ್ಟು ಯೋಚಿಸಿದೆ. ನಿಮ್ಮ ಬಗ್ಗೆ ಕೆಟ್ಟದ್ದನ್ನೂ ಊಹಿಸಿದೆ, ಬಾಗಿಲು, ಅಳು, ನೇರಳೆ ಶಾಯಿ ಎಲ್ಲ ಸೇರಿಸಿ. ಅದಕ್ಕೆ ಇಲ್ಲೇ ಕ್ಷಮೆ ಕೇಳಿಬಿಡುತ್ತೇನೆ. ನಿನ್ನೆ ಸಂಜೆ ನರ್ಸಮ್ಮನ ಮನೆಗೆ ಹೋದೆ.

ಔಷಧಿ ಅಂಗಡಿಯ ಮೇಲಿನ ಅದೇ ಎರಡು ಕೋಣೆ. ಅವರು ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದರು. ನೋಟೀಸನ್ನು ನಿಂತುಕೊಂಡೇ ಎರಡು ಸಲ ಓದಿದರು. ನನಗೆ ಕೂರು ಎನ್ನಲಿಲ್ಲ.

"ಯಾವ ಬಣ್ಣದ ಶಾಯಿ?"

"ನೇರಳೆ."

"ಹಾಗಾದ್ರೆ ಅದೇ." ಇಸ್ತ್ರಿಪೆಟ್ಟಿಗೆ ಆರಿಸಿದರು. "ಹೇಳಬೇಡ ಅಂದಿರಬೇಕಲ್ಲ ಅವರು?"

ನನ್ನ ಮುಖ ನೋಡಿ ಅವರೇ ತಲೆಯಾಡಿಸಿದರು.

"ತಪ್ಪು ತಪ್ಪೇ ಕಣಮ್ಮ. ಅಷ್ಟು ಜೋಪಾನದ ಮನುಷ್ಯ, ನನ್ನ ಮಗು ಹೆಸರಿದ್ದ ಹಾಳೆ ಮೇಲೆ ದಾರಿ ಬರೆದುಕೊಡೋದಾ? ನನಗೆ ಬೇಜಾರಾಗಿದೆ. ಹಾಗಂತ ಅವರಿಗೆ ಬರಿ, ಸಕ್ಕರೆ ಹಚ್ಚಿ ಬರೀಬೇಡ."

ಬರೆದಿದ್ದೇನೆ.

ಆಮೇಲೆ ಕೂರಿಸಿ ವಿಷಯ ಹೇಳಿದರು. ಅಕ್ಕನ ಮನೆಯಲ್ಲಿ ಬೆಳೆದು ತಮ್ಮನ್ನು ಚಿಕ್ಕಮ್ಮ ಎಂದು ಕರೆಯುತ್ತಿದ್ದ ಹುಡುಗಿ ತಾವೇ ಹೆತ್ತವಳು ಎಂದು. ನಿಮಗೆ ಗೊತ್ತಿಲ್ಲದ ಇನ್ನೊಂದು ಮಾತೂ ಹೇಳಿದರು. ಹನ್ನೊಂದು ವರ್ಷದ ಹಿಂದೆ, ಮದುವೆಗೆ ಮೊದಲು, ಆ ಹುಡುಗಿಗೆ ಎಲ್ಲವನ್ನೂ ತಾವೇ ಹೇಳಿಬಿಟ್ಟರಂತೆ. ಈಗ ಅವಳು ಅಮ್ಮ ಎಂದೇ ಕರೆಯುವುದು. ನಿಮಗೆ ಯಾಕೆ ತಿಳಿಸಲಿಲ್ಲ ಎಂದೆ. "ಅವರ ಹತ್ರ ಯಾರಮ್ಮ ಮನೆ ವಿಷಯ ಮಾತಾಡ್ತಾರೆ? ಬಾಯಿ ತೆಗೆದ್ರೆ ರಸೀದಿ ತಂದಿದ್ದೀರಾ ಅಂತಿದ್ರು."

ಹಾಳೆಯಲ್ಲಿ ವಾರಸುದಾರಳೆಂದು ಮಗಳ ಹೆಸರೂ ಇದ್ದದ್ದರಿಂದ ಅವಳಿಗೂ ತಿಳಿಸಬೇಕಾಗಿತ್ತು. ನರ್ಸಮ್ಮ ನನ್ನೆದುರಿಗೇ ಫೋನು ಮಾಡಿ ಕೊಟ್ಟರು. ನಾನು ನಿಯಮದ ಪ್ರಕಾರ ಹೇಳಬೇಕಾದ್ದೆಲ್ಲ ಹೇಳಿದೆ. ಆ ಕಡೆಯಿಂದ ಒಂದೇ ಪ್ರಶ್ನೆ ಬಂತು: "ಸಂಬಂಧ ಅನ್ನೋ ಜಾಗದಲ್ಲಿ ಏನಂತ ಬರೆದಿತ್ತು?" ಬೀರುವಿನಲ್ಲಿ ಉಳಿದಿದ್ದ ಅದೇ ಅರ್ಜಿಯ ಶುದ್ಧಪ್ರತಿಯನ್ನು ನೋಡಿಕೊಂಡೇ ಹೋಗಿದ್ದೆ. "ಮಗಳು ಅಂತ" ಎಂದೆ. "ನನಗಾಗ ನಾಲ್ಕು ವರ್ಷ" ಎಂದಳು. "ಆಗ್ಲೇ ಹಾಗೆ ಬರೆಸಿದ್ರಾ?" ಆ ಪ್ರತಿಯ ನಕಲು ಬೇಕು ಎಂದು ಕೇಳಿದ್ದಾಳೆ. ತನ್ನ ಬಗ್ಗೆ ಏನು ಬರೆದಿದೆ ಎಂದು ನೋಡುವ ಹಕ್ಕು ಅವಳಿಗಿದೆ, ನರ್ಸಮ್ಮನೂ ಒಪ್ಪಿದರು. ನಾಳೆ ಕಳಿಸುತ್ತೇನೆ. ಇಷ್ಟು ಖುಷಿಯಿಂದ ನಾನು ಯಾವ ಕಾಗದದ ನಕಲನ್ನೂ ತೆಗೆದವಳಲ್ಲ.

ಹೊರಡುವಾಗ ನರ್ಸಮ್ಮ ಕೇಳಿದರು: "ಅವರು ಮನೆಯವರಿಗೆ ಇನ್ನೂ ಹೇಳಿಲ್ಲ ಅಲ್ವಾ?" ಇಲ್ಲವಂತೆ ಎಂದೆ. "ನಿಮ್ಮ ಕಾಯ್ದೇಲಿ ಒಪ್ಪಿಗೆ ಪತ್ರ ಅಂತ ಇರುತ್ತಲ್ಲ, ಒಂದು ಬರಿ, ಸಹಿ ಹಾಕ್ತೀನಿ." ಅವರು ಹೇಳಿದಂತೆ ಬರೆದುಕೊಂಡಿದ್ದೇನೆ, ಜೊತೆಗಿಟ್ಟಿದ್ದೇನೆ: "ನನ್ನ ಅಕ್ಕನ ಮನೆಯಲ್ಲಿ ಬೆಳೆದವಳು ನಾನು ಹೆತ್ತ ಮಗಳು. ಈ ವಿಷಯವನ್ನು ನನ್ನ ಹಳೆಯ ಲೆಕ್ಕಿಗರು ತಮ್ಮ ಹೆಂಡತಿಗೆ, ಅವರೊಬ್ಬರಿಗೆ ಮಾತ್ರ, ಹೇಳಲು ನನ್ನ ಪೂರ್ಣ ಒಪ್ಪಿಗೆ ಇದೆ." ಸಹಿ ಹಾಕುವಾಗ ಯಾಕೋ ಒಳಗೊಳಗೇ ನಗುತ್ತಿದ್ದರು.

ನಿಮ್ಮ ಮಾತು ಮೀರಿದೆ, ಮಾವ. ಮೀರಿದ್ದು ಒಳ್ಳೆಯದಾಯಿತು ಎಂದು ನನಗನ್ನಿಸುತ್ತದೆ. ನಿಮಗೆ ಹಾಗನ್ನಿಸದಿದ್ದರೆ ಬೈಯಿರಿ.

ಪುಟ್ಟಿ


ಜುಲೈ 22

ಪುಟ್ಟಿಗೆ,

ಬೈಯುವುದಿಲ್ಲ. ನಿನ್ನ ಕಾಗದವನ್ನು ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಕೂತು ಓದಿದೆ. ನರ್ಸಮ್ಮ ಬೇಜಾರಾಗಿದೆ ಎಂದ ಸಾಲನ್ನು ನಾಲ್ಕು ಸಲ ಓದಿದೆ. ನನಗೆ ಬರಬೇಕಾದ ಮಾತೇ ಅದು. ಅವರಿಗೆ ತಪ್ಪೊಪ್ಪಿಕೊಂಡು ಇವತ್ತೇ ಕಾಗದ ಹಾಕಿದ್ದೇನೆ. ಆಗ ನಾಲ್ಕು ವರ್ಷದವಳಾಗಿದ್ದ ಆ ಹುಡುಗಿಯ ಮಾತು ಓದಿದಾಗ ಕಣ್ಣಲ್ಲಿ ನೀರು ಬಂತು, ಎದುರಿಗಿದ್ದ ಅಂಚೆಯಣ್ಣ ಯಾರೋ ತೀರಿಕೊಂಡರು ಎಂದುಕೊಂಡು ನೀರು ತಂದುಕೊಟ್ಟ.

ಒಪ್ಪಿಗೆ ಪತ್ರ ಜೇಬಿನಲ್ಲಿಟ್ಟುಕೊಂಡು ಎರಡು ದಿನ ಓಡಾಡಿದೆ. ನಿನ್ನೆ ಮಧ್ಯಾಹ್ನ ನಿನ್ನ ಅತ್ತೆ ಕಿಟಕಿಯ ಹತ್ತಿರ ಕೂತು ಹಳೆಯ ಹೊಲಿಗೆ ಬಿಚ್ಚುತ್ತಿದ್ದಳು. ಎದುರಿಗೆ ಕೂತೆ. "ನಿನಗೊಂದು ವಿಷಯ ಹೇಳಬೇಕು" ಎಂದು ಪತ್ರ ಬಿಡಿಸಿ, ಗಂಟಲು ಸರಿಮಾಡಿಕೊಂಡು, ಮೊದಲಿನಿಂದ ಕೊನೆಯವರೆಗೆ ಓದಿದೆ.

ಅವಳು ತಲೆ ಎತ್ತಲಿಲ್ಲ. "ಗೊತ್ತು" ಎಂದಳು.

"ಯಾವಾಗಿಂದ?"

"ಆ ಹುಡುಗಿ ಮದುವೆಯಿಂದ. ನಿಮಗೆ ವರ್ಷದ ಕೊನೆ ಲೆಕ್ಕ ಅಂತ ನಾನೊಬ್ಳೇ ಹೋಗಿದ್ದೆನಲ್ಲ. ನರ್ಸಮ್ಮ ಪಕ್ಕಕ್ಕೆ ಕರೆದು ಹೇಳಿ ಅತ್ತರು. ಯಾರಿಗೂ ಹೇಳಬೇಡಿ ಅಂದ್ರು."

"ನನಗೂ ಹೇಳಲಿಲ್ವಲ್ಲೇ?"

"ಯಾರಿಗೂ ಅಂದ್ರೆ ಯಾರಿಗೂ."

ಹನ್ನೊಂದು ವರ್ಷ ಒಂದೇ ಸೂರಿನಡಿ ಇಬ್ಬರೂ ಒಂದೇ ಗುಟ್ಟನ್ನು ಒಬ್ಬರಿಂದೊಬ್ಬರು ಬಚ್ಚಿಟ್ಟಿದ್ದೆವು. ನನಗೆ ನಗು ಬಂತು. ಅವಳು ನಗಲಿಲ್ಲ. ಸೂಜಿಯನ್ನು ಬಟ್ಟೆಗೆ ಚುಚ್ಚಿ ಕೆಳಗಿಟ್ಟಳು.

"ಆ ಒಂದು ತಿಂಗಳು ನಿಮ್ಮ ಹತ್ರ ಮಾತು ಬಿಟ್ಟೆನಲ್ಲ, ಏನೇನೋ ಅಂದುಕೊಂಡಿದ್ದೆ. ಮದುವೆ ಮನೆಯಿಂದ ಬಂದ ದಿನಾನೇ ನಿಮ್ಮ ಹತ್ರ ಕ್ಷಮೆ ಕೇಳಬೇಕು ಅಂತಿತ್ತು. ಕೇಳಿದ್ರೆ ಯಾಕೆ ಅಂತ ಹೇಳಬೇಕಾಗ್ತಿತ್ತು, ಅದಕ್ಕೆ ಸುಮ್ಮನಿದ್ದೆ. ಈಗ ಕೇಳ್ತಾ ಇದೀನಿ."

ಎದ್ದು ಹೋಗಿ ಅವಳ ಪಕ್ಕದಲ್ಲಿ ಕೂತೆ. ನಲವತ್ತು ವರ್ಷ ಗುಟ್ಟು ಕಾಯುವ ಕೆಲಸವನ್ನು ನಾನೊಬ್ಬನೇ ಮಾಡಿದೆ ಎಂದುಕೊಂಡಿದ್ದೆ.

ಮಾವ